ಅಗ್ನಿ ಅಧಿಕಾರಿಯ ಅಮಾನತು

ಆ ನರ್ಸಿಂಗ್ ಹೋಮಿನಲ್ಲಿ ಇದ್ದದ್ದು ಒಂಬತ್ತು ಹಾಸಿಗೆ, ಒಬ್ಬರು ಡಾಕ್ಟರು, ಒಬ್ಬರು ಸಿಸ್ಟರು, ಒಬ್ಬರು ಕಾಂಪೌಂಡರು. ಮೂವತ್ತು ವರ್ಷದಿಂದ ಇಷ್ಟರಲ್ಲೇ ಸುತ್ತಲಿನ ಹಳ್ಳಿಯವರಿಗೆ ಜ್ವರ ಬಂದು ಹೋಗಿತ್ತು, ಮುರಿದ ಕೈಕಾಲು ಕೂಡಿಕೊಂಡಿದ್ದವು, ಮಕ್ಕಳು ಹುಟ್ಟಿದ್ದರು, ಆ ಮಕ್ಕಳಿಗೂ ಮಕ್ಕಳಾಗಿದ್ದರು. ಕಾಯಿಲೆಗಳಿಗೆ ಇಷ್ಟು ಜನ ಸಾಕಾಗಿದ್ದರು. ಕಾನೂನಿಗೆ ಸಾಕಾಗಲಿಲ್ಲ.

ಲೈಸೆನ್ಸು ಹೊಸದು ಮಾಡಿಕೊಡಿ ಎಂದು ಮೇಲಿನ ಕಚೇರಿಗೆ ಕಳಿಸಿದ್ದ ಅರ್ಜಿ ಮಡಿಕೆಯೂ ಕೆಡದೆ ವಾಪಸು ಬಂತು. ಜೊತೆಗೊಂದು ಕಾಗದ. ನಿಮ್ಮಲ್ಲಿ ಐದು ಅಧಿಕಾರಿಗಳ ಒಂದು ಸಮಿತಿ ಇರತಕ್ಕದ್ದು: ಬೆಂಕಿಗೊಬ್ಬರು, ತ್ಯಾಜ್ಯಕ್ಕೊಬ್ಬರು, ಸೋಂಕಿಗೊಬ್ಬರು, ದೂರಿಗೊಬ್ಬರು, ದಾಖಲೆಗೊಬ್ಬರು. ಸಮಿತಿ ವಾರಕ್ಕೊಮ್ಮೆ ಸಭೆ ಸೇರಿ ನಡಾವಳಿ ಬರೆದು ಕಳಿಸತಕ್ಕದ್ದು. ಕೆಳಗೆ ಕೆಂಪು ಶಾಯಿಯಲ್ಲಿ ಇನ್ನೊಂದು ಸಾಲು ಇತ್ತು. 'ಬೇರೆ ಸಂಸ್ಥೆಗಳವರು ಎಲ್ಲ ಸಭೆಗೂ ಎಲ್ಲವೂ ಸರಿಯಾಗಿದೆ ಎಂದು ಒಂದೇ ವಾಕ್ಯ ಬರೆದು ಕಳಿಸುತ್ತಿದ್ದಾರೆ. ಅಂಥದ್ದನ್ನು ಒಪ್ಪುವುದಿಲ್ಲ.'

ಡಾಕ್ಟರು ಕಾಂಪೌಂಡರನ್ನು ಕರೆದರು.

"ಕಾಂಪೌಂಡರೇ, ಐದಕ್ಕೂ ನಿಮ್ಮ ಹೆಸರೇ ಹಾಕ್ತಿದೀನಿ. ಸಿಸ್ಟರಿಗೆ ಕೈ ಬಿಡುವಿಲ್ಲ. ನನಗೆ ಉಸಿರು ಬಿಡೋಕೂ ಬಿಡುವಿಲ್ಲ."

"ನನಗೆ ಸರ್?"

"ನಿಮಗೆ ಮಧ್ಯಾಹ್ನ ಮೂರರಿಂದ ನಾಲ್ಕು ಬಿಡುವಲ್ವಾ. ಆಗ ಸಭೆ ಸೇರಿ."

"ಯಾರ ಜೊತೆ ಸರ್?"

ಡಾಕ್ಟರು ಅಷ್ಟರಲ್ಲಿ ಮುಂದಿನ ರೋಗಿಯ ನಾಲಿಗೆ ನೋಡುತ್ತಿದ್ದರು. ನೋಡುತ್ತಲೇ ಹೇಳಿದರು. "ಸುಳ್ಳು ಮಾತ್ರ ಬರೀಬೇಡಿ. ನಡೆದದ್ದನ್ನ ನಡೆದ ಹಾಗೇ ಬರೀರಿ."

ಬೇರೆ ಯಾರಾದರೂ ಆಗಿದ್ದರೆ ಈ ಮಾತನ್ನು ಬಾಗಿಲ ಹೊರಗೆ ಬಿಟ್ಟು ಬರುತ್ತಿದ್ದರು. ಕಾಂಪೌಂಡರು ಹಾಗಲ್ಲ. ಊಟಕ್ಕೆ ಮುಂಚೆ ಎಂದು ಚೀಟಿಯಲ್ಲಿ ಬರೆದಿದ್ದರೆ, ರೋಗಿ ಊಟಕ್ಕೆ ಕುಳಿತದ್ದನ್ನು ಕಣ್ಣಾರೆ ಕಂಡಮೇಲೆಯೇ ಮಾತ್ರೆ ಕೈಗೆ ಹಾಕುವ ಜೀವ ಅದು.

ಮನೆಯಲ್ಲಿ ಹೆಂಡತಿಗೆ ವಿಷಯ ಹೇಳಿದರು. ಹೆಂಡತಿಗೆ ಹುದ್ದೆಗಳ ಮೇಲೆ ಆಸಕ್ತಿ ಇರಲಿಲ್ಲ. ಅವರ ಗಮನವೆಲ್ಲ ಒಳಗೆ ಮಲಗಿದ್ದ ಮಗಳ ಮೇಲಿತ್ತು. ಮಗಳಿಗೆ ಒಂಬತ್ತನೇ ತಿಂಗಳು.

"ಲೈಸೆನ್ಸು ಯಾವತ್ತಿಗೆ ಮುಗಿಯುತ್ತೆ?"

"ಈ ತಿಂಗಳ ಕೊನೇ ದಿನ, ಸಂಜೆ ಐದು ಗಂಟೆಗೆ. ಆಮೇಲೆ ಹೊಸ ಪೇಷಂಟನ್ನ ಒಳಗೆ ಸೇರಿಸ್ಕೊಳ್ಳೋ ಹಾಗಿಲ್ಲ."

"ಇವಳ ದಿನಾನೂ ಅಲ್ಲಿಗೇ ಬಂದು ನಿಲ್ಲುತ್ತೆ. ನೋಡಿ, ನೀವು ಏನಾದ್ರೂ ಎಡವಟ್ಟು ಮಾಡಿಟ್ರೆ, ದೊಡ್ಡಾಸ್ಪತ್ರೆಗೆ ಎರಡು ಗಂಟೆ ದಾರಿ. ಆ ಬಸ್ಸಲ್ಲಿ, ಆ ಗುಂಡಿ ರಸ್ತೇಲಿ, ಇವಳನ್ನ ನೀವೇ ಕರ್ಕೊಂಡು ಹೋಗ್ಬೇಕು."

ಕಾಂಪೌಂಡರಿಗೆ ಆ ರಸ್ತೆ ಗೊತ್ತಿತ್ತು. ಹಲ್ಲುನೋವಿಗೆ ಹೋದವರು ಬೆನ್ನುನೋವು ತಂದುಕೊಂಡು ಬರುವ ರಸ್ತೆ. ಅವರು ಆ ರಾತ್ರಿಯೇ ನಿಯಮದ ಪುಸ್ತಕ ಬಿಚ್ಚಿದರು. ಬೆಳಗಾಗುವ ಹೊತ್ತಿಗೆ ಐದು ಹುದ್ದೆಯ ಕರ್ತವ್ಯಗಳೂ ಅವರಿಗೆ ಬಾಯಿಪಾಠ ಆಗಿದ್ದವು.

ತೊಂದರೆ ಒಂದೇ. ಯಾವ ಹೊತ್ತಿನಲ್ಲಿ ತಾವು ಯಾರು ಎನ್ನುವುದು ಅವರಿಗೇ ಕಲಸಿಹೋಗುತ್ತಿತ್ತು. ಅದಕ್ಕಾಗಿ ನರ್ಸಿಂಗ್ ಹೋಮಿನ ಪಕ್ಕದ ದರ್ಜಿಯ ಹತ್ತಿರ ಐದು ಬಣ್ಣದ ತೋಳುಪಟ್ಟಿ ಹೊಲಿಸಿದರು.

"ಯಾರಿಗಣ್ಣಾ ಇವು?" ದರ್ಜಿ ಕೇಳಿದ.

"ಅಧಿಕಾರಿಗಳಿಗಪ್ಪಾ. ಐದು ಹುದ್ದೆ ಮಂಜೂರಾಗಿದೆ."

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೆ ದರ್ಜಿಯ ಬಾಯಿ ಅವನ ಮಿಷನ್ನಿಗಿಂತ ಜೋರಾಗಿ ಓಡುತ್ತಿತ್ತು. ಸಂಜೆಯೊಳಗೆ, ನರ್ಸಿಂಗ್ ಹೋಮಿಗೆ ಹೊರಗಿನಿಂದ ಐದು ಜನ ಅಧಿಕಾರಿಗಳು ಬಂದಿಳಿದಿದ್ದಾರೆ ಎಂದು ಬೀದಿಗೆಲ್ಲ ಗೊತ್ತಾಯಿತು. ಹಾಲಿನವನು ಬಂದು, ಸಾಹೇಬರುಗಳಿಗೆ ದಿನಕ್ಕೆ ಎಷ್ಟು ಲೀಟರ್ ಹಾಕಲಿ ಎಂದ. ಮೂಲೆಮನೆಯ ಅಜ್ಜಿ ಮೊಮ್ಮಗಳ ಫೋಟೋ ಹಿಡಿದು ಬಂದು, ಔಷಧಿ ಕೊಡುವ ಕಿಟಕಿಯಲ್ಲಿ ತಲೆ ತೂರಿಸಿದರು.

"ಐದು ಜನದಲ್ಲಿ ಮದುವೆ ಆಗದೆ ಇರೋರು ಒಬ್ಬರಾದ್ರೂ ಇರ್ತಾರಲ್ಲಪ್ಪಾ."

"ಎಲ್ಲರಿಗೂ ಆಗಿದೆ ಅಜ್ಜೀ."

"ಐದು ಜನಕ್ಕೂ?"

"ಐದು ಜನಕ್ಕೂ ಒಬ್ಬಳೇ ಹೆಂಡ್ತಿ."

ಅಜ್ಜಿ ಫೋಟೋವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ತಿರುಗಿ ನೋಡದೆ ಹೊರಟುಹೋದರು. ಆ ಮಾತು ಬೀದಿಯಲ್ಲಿ ಏನೇನಾಯಿತೆಂದು ಇಲ್ಲಿ ಬರೆಯುವುದು ಬೇಡ.

ಮೊದಲ ಸಭೆ ಸೋಮವಾರ ಮೂರಕ್ಕೆ, ಔಷಧಿ ಕೋಣೆಯಲ್ಲಿ ನಡೆಯಿತು. ಕಾಂಪೌಂಡರು ಐದು ಸ್ಟೂಲು ಹಾಕಿದರು. ಒಂದೊಂದರ ಮೇಲೂ ಕುಳಿತು, ಆಯಾ ಪಟ್ಟಿ ಕಟ್ಟಿಕೊಂಡು, ಆಯಾ ಪುಟ ತೆರೆದು, ತಮಗೆ ನಿಜವಾಗಿ ಅನ್ನಿಸಿದ್ದನ್ನು ಹೇಳಿದರು. ಹೇಳಿದ್ದನ್ನು ಹೇಳಿದ ಹಾಗೇ ಬರೆದರು:

'ಐವರೂ ಹಾಜರು. ಅಗ್ನಿ ಅಧಿಕಾರಿಗಳು ಹಿಂದಿನ ಬಾಗಿಲಲ್ಲಿ ಕಸದ ಬಕೆಟ್ ಇಟ್ಟಿರುವುದನ್ನು ಆಕ್ಷೇಪಿಸಿದರು. ಬೆಂಕಿ ಬಿದ್ದರೆ ರೋಗಿಗಳು ಓಡಬೇಕಾದ ದಾರಿ ಅದು. ತ್ಯಾಜ್ಯ ಅಧಿಕಾರಿಗಳು, ಕಸದ ಗಾಡಿ ಬರುವುದೂ ಅದೇ ಬಾಗಿಲಿಗೆ, ಆದ್ದರಿಂದ ಬಕೆಟ್ ಅಲ್ಲೇ ಇರತಕ್ಕದ್ದು ಎಂದರು. ಸೋಂಕು ಅಧಿಕಾರಿಗಳು, ಎಲ್ಲಾದರೂ ಇಡಿ, ವಾರ್ಡಿನ ಹತ್ತಿರ ಮಾತ್ರ ತರಬೇಡಿ ಎಂದರು. ಮಾತಿಗೆ ಮಾತು ಬೆಳೆಯಿತು. ದಾಖಲೆ ಅಧಿಕಾರಿಗಳು ಬರೆದುಕೊಂಡರು. ಟೀ ಒಂದೇ ಬಂದಿದ್ದರಿಂದ ದೂರು ಅಧಿಕಾರಿಗಳು ಕುಡಿದರು.'

ನಡಾವಳಿಯ ಒಂದು ಪ್ರತಿ ಅಂಚೆಗೆ ಬಿತ್ತು. ಮೇಲಿನ ಕಚೇರಿಯಿಂದ ಆಕ್ಷೇಪಣೆ ಬರಲಿಲ್ಲ. ಕಾಂಪೌಂಡರಿಗೆ ಹುರುಪು ಹತ್ತಿತು.

ಹಿಂದಿನ ಬಾಗಿಲ ಬಳಿ ಇದ್ದದ್ದು ಮೂರು ಬಕೆಟ್: ಹಳದಿ, ಕೆಂಪು, ನೀಲಿ. ಬೆಳಗ್ಗೆ ಅಗ್ನಿ ಅಧಿಕಾರಿಯಾಗಿ ಕಾಂಪೌಂಡರು ಅವನ್ನು ಹೊತ್ತು ಮೆಟ್ಟಿಲ ಕೆಳಗೆ ಇಡುತ್ತಿದ್ದರು. ಹತ್ತು ಗಂಟೆಗೆ ತ್ಯಾಜ್ಯ ಅಧಿಕಾರಿಯಾಗಿ ಬಂದು, 'ಯಾರ್ರೀ ಇಲ್ಲಿ ಇಟ್ಟವರು' ಎಂದು ಗೊಣಗುತ್ತಾ ಮತ್ತೆ ಬಾಗಿಲಿಗೆ ಹೊರುತ್ತಿದ್ದರು. ಗೊಣಗಾಟ ನಾಟಕವಲ್ಲ, ನಿಜವಾಗಿಯೂ ಸಿಟ್ಟು ಬರುತ್ತಿತ್ತು. ಹನ್ನೆರಡಕ್ಕೆ ಸೋಂಕು ಅಧಿಕಾರಿ ಅಳತೆಪಟ್ಟಿ ಹಿಡಿದು, ವಾರ್ಡಿಗೂ ಬಕೆಟ್ಟಿಗೂ ಇರುವ ದೂರ ಅಳೆಯುತ್ತಿದ್ದರು.

ಎರಡನೇ ವಾರದ ಸಭೆಯಲ್ಲಿ ತ್ಯಾಜ್ಯ ಅಧಿಕಾರಿಗಳು ಅಗ್ನಿ ಅಧಿಕಾರಿಗಳಿಗೆ 'ನಿಮಗೆ ಬಹಳ ಜಂಬ' ಎಂದುಬಿಟ್ಟರು. ನಡಾವಳಿ ಹೇಳುತ್ತದೆ: 'ಅಗ್ನಿ ಅಧಿಕಾರಿಗಳು ಮನನೊಂದು ಸಭೆಯಿಂದ ಹೊರನಡೆದರು. ಉಳಿದ ನಾಲ್ವರೂ ಅವರೊಂದಿಗೇ ಹೊರಬಿದ್ದದ್ದರಿಂದ ಸಭೆ ನಿಂತಿತು.'

ಮಾರನೇ ದಿನ ಸಿಸ್ಟರ್ ಟ್ರೇ ಹಿಡಿದು ಬರುವಾಗ ಮೆಟ್ಟಿಲ ಕೆಳಗಿನ ಕೆಂಪು ಬಕೆಟ್ಟನ್ನು ಎಡವಿ, ಟ್ರೇ ಒಂದು ಕಡೆ, ತಾವೊಂದು ಕಡೆ ಆದರು.

"ಕಾಂಪೌಂಡರೇ, ಯಾರು ಇದನ್ನ ಇಲ್ಲಿ ಇಟ್ಟಿದ್ದು?"

"ಅಗ್ನಿ ಅಧಿಕಾರಿಗಳು ಸಿಸ್ಟರ್. ನಾನೂ ಹೇಳಿ ಹೇಳಿ ಸಾಕಾಗಿದೀನಿ."

"ಹಾಗಾದ್ರೆ ಅವರ ಮೇಲೆ ದೂರು ಬರ್ಕೊಳ್ಳಿ. ನನ್ನ ಮೊಣಕಾಲು ನೋಡಿ ಹೇಗಾಗಿದೆ."

ಸಿಸ್ಟರ್ ತಮಾಷೆಗೆ ಹೇಳಿದ್ದು. ಕಾಂಪೌಂಡರು ಒಳಗೆ ಹೋಗಿ, ದೂರು ಅಧಿಕಾರಿಯ ನೀಲಿ ಪಟ್ಟಿ ಕಟ್ಟಿಕೊಂಡು ಬಂದು, ಸಿಸ್ಟರ ಸಹಿ ಹಾಕಿಸಿಕೊಂಡು ದೂರು ದಾಖಲು ಮಾಡಿದರು. ಮೊದಲ ದೂರು. ನರ್ಸಿಂಗ್ ಹೋಮಿನಲ್ಲಿ ದೂರು ತೆಗೆದುಕೊಳ್ಳುತ್ತಾರಂತೆ, ರಸೀದಿನೂ ಕೊಡುತ್ತಾರಂತೆ ಎನ್ನುವುದು ದರ್ಜಿಯ ಮೂಲಕ ಹರಡಿದ್ದೇ ತಡ, ಬೀದಿ ಬೀದಿಯೇ ಸಾಲು ನಿಂತಿತು. ಬಕೆಟ್ಟಿನ ವಾಸನೆ ತನ್ನ ಅಂಗಡಿಗೆ ಬರುತ್ತದೆ ಎಂದು ದರ್ಜಿ, ಕಾಂಪೌಂಡರ ಸೈಕಲ್ಲಿನ ಗಂಟೆಗೆ ತನ್ನ ಎಮ್ಮೆ ಬೆದರುತ್ತದೆ ಎಂದು ಹಾಲಿನವನು, ತನಗೆ ಕೊಟ್ಟ ಮಾತ್ರೆಗಿಂತ ನೆರೆಮನೆಯವಳಿಗೆ ಕೊಟ್ಟ ಮಾತ್ರೆ ದೊಡ್ಡದು ಎಂದು ಮೂಲೆಮನೆ ಅಜ್ಜಿ. ಎಲ್ಲ ದೂರೂ ಕಾಂಪೌಂಡರ ಮೇಲೆಯೇ. ಎಲ್ಲವನ್ನೂ ಕಾಂಪೌಂಡರೇ ನಗುಮುಖದಿಂದ ಬರೆದುಕೊಂಡು, 'ಅವರನ್ನು ವಿಚಾರಿಸುತ್ತೇವೆ' ಎಂದು ಕಳಿಸಿದರು.

ಸಿಸ್ಟರ ದೂರಿನ ಮೇಲೆ ಅಗ್ನಿ ಅಧಿಕಾರಿಗೂ ತ್ಯಾಜ್ಯ ಅಧಿಕಾರಿಗೂ ನೋಟಿಸು ಹೋಯಿತು: ಮೂರು ದಿನದಲ್ಲಿ ಉತ್ತರ ಕೊಡಿ. ತ್ಯಾಜ್ಯ ಅಧಿಕಾರಿ ಅಂದೇ ಎರಡು ಪುಟದ ಉತ್ತರ ಬರೆದರು. ಅಗ್ನಿ ಅಧಿಕಾರಿಯ ಉತ್ತರ ಬರೆಯಬೇಕು ಎನ್ನುವಾಗ ಮಗಳ ಕಾಲು ಊದಿಕೊಂಡಿತು, ಅವಳನ್ನು ತಪಾಸಣೆಗೆ ಕರೆತರುವ ಓಡಾಟದಲ್ಲಿ ಮೂರು ದಿನ ಕಳೆದೇಹೋಯಿತು. ನಾಲ್ಕನೇ ದಿನ ದೂರು ಅಧಿಕಾರಿ ನಿಯಮದ ಪುಸ್ತಕ ತೆರೆದು ನೋಡಿದರು. ಉತ್ತರ ಕೊಡದವರನ್ನು ಅಮಾನತಿನಲ್ಲಿ ಇಡತಕ್ಕದ್ದು ಎಂದಿತ್ತು. ತಮ್ಮವರು, ಬೇರೆಯವರು ಎಂದು ನೋಡಿದರೆ ನ್ಯಾಯ ಉಳಿಯುವುದು ಹೇಗೆ? ಆದೇಶ ಬರೆದರು. ಅಗ್ನಿ ಅಧಿಕಾರಿಯ ಕೆಂಪು ಪಟ್ಟಿಯನ್ನು ಕವರಿನಲ್ಲಿ ಹಾಕಿ ಅಂಟಿಸಿದರು. ಅಂದು ಮನೆಗೆ ಹೋಗಿ ಸರಿಯಾಗಿ ಊಟವನ್ನೂ ಮಾಡಲಿಲ್ಲ.

"ಯಾಕ್ರೀ, ಮುಖ ಹೀಗೆ?" ಹೆಂಡತಿ ಕೇಳಿದರು.

"ಆಫೀಸಲ್ಲಿ ಒಬ್ಬರನ್ನ ಸಸ್ಪೆಂಡ್ ಮಾಡಿದ್ರು. ಒಳ್ಳೇ ಮನುಷ್ಯ ಪಾಪ."

ಇದಾಗಿ ಎರಡು ದಿನಕ್ಕೆ, ಬೆಂಕಿ ಆರಿಸುವ ಸಿಲಿಂಡರಿನವನು ಪೇಟೆಯಿಂದ ಬಂದ. ಸಿಲಿಂಡರಿಗೆ ಹೊಸ ಪುಡಿ ತುಂಬಿ, ಗೋಡೆಗೆ ತೂಗುಹಾಕಿ, ಸರ್ಟಿಫಿಕೇಟನ್ನು ಮುಂದೆ ಹಿಡಿದ. "ಅಗ್ನಿ ಅಧಿಕಾರಿ ಅಂತ ಇರೋ ಕಡೆ ಒಂದು ಸಹಿ ಹಾಕಿ ಸರ್."

"ಆಗಲ್ಲಪ್ಪಾ. ಅವರು ಅಮಾನತಿನಲ್ಲಿದಾರೆ."

"ಯಾವಾಗ ಬರ್ತಾರೆ?"

"ವಿಚಾರಣೆ ಆಗ್ಬೇಕು."

"ಅವರ ಮನೆ ಎಲ್ಲಿ ಹೇಳಿ, ಅಲ್ಲೇ ಹೋಗಿ ಹಾಕಿಸ್ಕೋತೀನಿ."

ಕಾಂಪೌಂಡರು ವಿಳಾಸ ಹೇಳಿದರು. ಅಮಾನತಿನಲ್ಲಿರುವವರ ವಿಳಾಸ ಹೇಳಬಾರದೆಂದು ನಿಯಮ ಇರಲಿಲ್ಲ. ಆತ ಮನೆಗೆ ಹೋದ, ಹೆಂಡತಿ 'ಅವರು ನರ್ಸಿಂಗ್ ಹೋಮಿನಲ್ಲಿದ್ದಾರೆ' ಎಂದು ಕಳಿಸಿದರು. ನರ್ಸಿಂಗ್ ಹೋಮಿಗೆ ಬಂದ, ಕಾಂಪೌಂಡರು 'ಮನೆಯಲ್ಲಿರಬೇಕು' ಎಂದು ಕಳಿಸಿದರು. ಮೂರು ದಿನ ಹೀಗೆ ಅಲೆದು, ನಾಲ್ಕನೇ ದಿನ ಅವನು ಗೇಟಿನ ಹತ್ತಿರವೇ ಕುಳಿತುಬಿಟ್ಟ. ಆ ನಾಲ್ಕನೇ ದಿನವೇ ತಿಂಗಳ ಕೊನೇ ದಿನ.

ಅಂದು ಮಧ್ಯಾಹ್ನ ಮೂರೂವರೆಗೆ ಮೇಲಿನ ಕಚೇರಿಯ ಜೀಪು ಬಂದು ನಿಂತಿತು. ಇಳಿದವರು ಪರಿಶೀಲನೆಯ ಮೇಡಂ. ಕೈಯಲ್ಲಿ ದಪ್ಪ ಫೈಲು, ಮುಖದಲ್ಲಿ ಬೇಸಿಗೆ. ಡಾಕ್ಟರು ಒಳಗೆ ಒಬ್ಬನ ಕಾಲಿಗೆ ಪ್ಲಾಸ್ಟರ್ ಸುತ್ತುತ್ತಿದ್ದರು. ಮೇಡಂ ನೇರ ಔಷಧಿ ಕೋಣೆಗೆ ಬಂದು, ಐದು ಸ್ಟೂಲಿನಲ್ಲಿ ಒಂದರ ಮೇಲೆ ಕುಳಿತರು.

"ನಿಮ್ಮ ನಡಾವಳಿ ಓದಿದೀನಿ. ನನ್ನ ಸರ್ವಿಸಿನಲ್ಲಿ ಇಂಥ ಜಗಳಗಂಟ ಸಮಿತಿ ನೋಡಿಲ್ಲ. ಐದು ಜನರನ್ನೂ ಒಬ್ಬೊಬ್ಬರಾಗಿ ಕಳಿಸಿ. ಬೇರೆ ಬೇರೆ ಕೂರಿಸಿಕೊಂಡು ಮಾತಾಡ್ತೀನಿ. ಮೊದಲು ತ್ಯಾಜ್ಯದವರು."

ಕಾಂಪೌಂಡರು ಹೊರಗೆ ಹೋದರು. ಹಳದಿ ಪಟ್ಟಿ ಕಟ್ಟಿಕೊಂಡು, ಬಾಗಿಲು ತಟ್ಟಿ, ಒಳಗೆ ಬಂದರು. "ನಮಸ್ಕಾರ ಮೇಡಂ."

ಮೇಡಂ ಕನ್ನಡಕ ಸರಿಮಾಡಿಕೊಂಡರು. ಔಷಧಿ ಕೊಡುವವರೇ ತ್ಯಾಜ್ಯವನ್ನೂ ನೋಡುತ್ತಾರೇನೋ, ಸಣ್ಣ ಜಾಗ ಎಂದುಕೊಂಡು, ಬಕೆಟ್ಟಿನ ವಿಷಯ ಕೇಳಿದರು. ತ್ಯಾಜ್ಯ ಅಧಿಕಾರಿ ಹತ್ತು ನಿಮಿಷ ಅಗ್ನಿ ಅಧಿಕಾರಿಯನ್ನು ಬೈದರು.

"ಸರಿ, ಸೋಂಕಿನವರನ್ನ ಕಳಿಸಿ."

ಬಾಗಿಲು ಮುಚ್ಚಿತು, ತೆರೆಯಿತು. ಹಸಿರು ಪಟ್ಟಿ. "ನಮಸ್ಕಾರ ಮೇಡಂ."

"ಈಗ ಹೋದವರು ನೀವೇ ಅಲ್ವಾ?"

"ಹೋದವರು ತ್ಯಾಜ್ಯ ಮೇಡಂ. ನಾನು ಸೋಂಕು."

"ಮುಖ ಅದೇ ಇದೆ?"

"ಮುಖ ಒಂದೇ ಮೇಡಂ. ಕರ್ತವ್ಯ ಬೇರೆ."

ಮೇಡಂ ಫೈಲು ಬಿಚ್ಚಿ ಐದು ಸಹಿಗಳನ್ನೂ ಒಂದೊಂದಾಗಿ ನೋಡಿದರು. ಫೈಲನ್ನು ದೂರ ಹಿಡಿದು ನೋಡಿದರು. ನಂತರ ಮೆತ್ತಗೆ ಕೇಳಿದರು. "ಹಾಗಾದ್ರೆ ಟೀ ಕುಡಿದದ್ದು?"

"ದೂರು ಅಧಿಕಾರಿಗಳು."

"ಮನನೊಂದು ಹೊರಗೆ ಹೋದದ್ದು?"

"ಅಗ್ನಿಯವರು. ಬಹಳ ಸೂಕ್ಷ್ಮ ಮನಸ್ಸು ಮೇಡಂ ಅವರದು."

ಡಾಕ್ಟರು ಕೈಗೆಲ್ಲ ಬಿಳಿ ಮೆತ್ತಿಕೊಂಡು ಓಡಿಬಂದದ್ದು ಆಗಲೇ. ಮೇಜಿನ ಮೇಲಿದ್ದ ನಡಾವಳಿ ಪುಸ್ತಕ ಓದಿದ್ದೇ ಅವರು ಅದನ್ನು ಮುಚ್ಚಿ, ಕಾಂಪೌಂಡರ ಮುಖ ನೋಡಿ, ಪುನಃ ಪುಸ್ತಕ ತೆರೆದರು. "ಅಲ್ರೀ, ನಾನು ಹೇಳಿದ್ದು..."

"ನಡೆದದ್ದನ್ನ ನಡೆದ ಹಾಗೇ ಬರೀರಿ ಅಂದ್ರಿ ಸರ್."

ಡಾಕ್ಟರು ಹಣೆಗೆ ಕೈ ಹಚ್ಚಿಕೊಂಡರು. ಪ್ಲಾಸ್ಟರ್ ಹಣೆಗೂ ಮೆತ್ತಿತು.

ಮೇಡಂ ನಗುವವರ ಹಾಗೆ ಕಾಣಿಸಿದರೂ ನಗಲಿಲ್ಲ. "ನೋಡಿ, ಒಬ್ಬರೇ ಐದು ಹುದ್ದೆ ನೋಡಬಾರದು ಅಂತ ನಿಯಮದಲ್ಲಿಲ್ಲ. ನಾನು ನಲವತ್ತು ನರ್ಸಿಂಗ್ ಹೋಮ್ ನೋಡಿದೀನಿ, ಬಕೆಟ್ ಎಲ್ಲಿಡಬೇಕು ಅಂತ ತಲೆ ಕೆಡಿಸಿಕೊಂಡವರನ್ನ ಇವತ್ತೇ ನೋಡಿದ್ದು. ಸಹಿ ಹಾಕ್ತಿದ್ದೆ. ಆದರೆ ಅಗ್ನಿ ಅಧಿಕಾರಿ ಅಮಾನತಿನಲ್ಲಿದಾರೆ. ಹುದ್ದೆ ಖಾಲಿ. ಸಿಲಿಂಡರ್ ಸರ್ಟಿಫಿಕೇಟಿಗೆ ಸಹಿ ಇಲ್ಲ. ಖಾಲಿ ಹುದ್ದೆ ಇಟ್ಟುಕೊಂಡು ಲೈಸೆನ್ಸು ಕೊಡೋಕೆ ಬರಲ್ಲ."

"ಈಗಲೇ ವಾಪಸು ತಗೊಳ್ಳಿ ಕಾಂಪೌಂಡರೇ," ಡಾಕ್ಟರು ಅಂದರು.

"ತಗೋಬಹುದಾಗಿದ್ರೆ ಅವತ್ತೇ ತಗೋತಿದ್ದೆ ಸರ್. ನಿಯಮ ಹನ್ನೊಂದು. ಅಮಾನತು ತೆಗೀಬೇಕಾದ್ರೆ ಸಾರ್ವಜನಿಕ ಸದಸ್ಯರೊಬ್ಬರು ವಿಚಾರಣೆ ಮಾಡ್ಬೇಕು. ಅವರು ಈ ಊರಿನವರೇ ಆಗಿರಬೇಕು, ಇಲ್ಲಿ ಕೆಲಸದಲ್ಲಿ ಇರಬಾರದು. ದೂರು ಕೊಟ್ಟವರೂ ಆಗಿರಬಾರದು."

ಮೇಡಂ ನಿಯಮದ ಪುಸ್ತಕ ನೋಡಿದರು. ನಿಯಮ ಹನ್ನೊಂದು ಹಾಗೆಯೇ ಇತ್ತು, ಅದನ್ನು ಬರೆದ ಕಚೇರಿ ಅವರದೇ. ಗಡಿಯಾರ ನಾಲ್ಕೂ ಮುಕ್ಕಾಲು ತೋರಿಸುತ್ತಿತ್ತು. ಕಿಟಕಿಯಲ್ಲಿ ಅರ್ಧ ಬೀದಿಯ ಮುಖಗಳಿದ್ದವು.

"ನಾನು ಮಾಡ್ತೀನಿ ಮೇಡಂ," ಎಂದು ದರ್ಜಿ ಕೈ ಎತ್ತಿದ.

"ನಿನ್ನದು ವಾಸನೆ ದೂರು ಇದೆ. ನಂಬರ್ ಎರಡು," ಕಾಂಪೌಂಡರು ಹೇಳಿದರು.

ಹಾಲಿನವನು ಬಾಯಿ ತೆರೆದ. "ನಂಬರ್ ಮೂರು." ಅಜ್ಜಿ ತಾವೇ ಹಿಂದೆ ಸರಿದರು. ಕಿಟಕಿಯ ಮುಖಗಳನ್ನೆಲ್ಲ ಎಣಿಸಿ ನೋಡಿದರೂ ಕಾಂಪೌಂಡರ ಮೇಲೆ ದೂರು ಕೊಡದವರು ಒಬ್ಬರೂ ಸಿಗಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಗೇಟಿನಲ್ಲಿ ಆಟೋ ನಿಂತಿತು. ಹೆಂಡತಿ ಇಳಿದರು. ಹಿಂದೆಯೇ, ಸಿಲಿಂಡರಿನವನ ಕೈ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು, ಮಗಳು ಇಳಿದಳು.

"ರೀ, ನೋವು ಶುರುವಾಗಿದೆ. ದಾರಿ ಬಿಡಿಸಿ."

ಬಾಗಿಲಲ್ಲಿದ್ದ ಸಿಸ್ಟರ್ ಗಡಿಯಾರ ನೋಡಿದರು, ಡಾಕ್ಟರು ಮೇಡಂ ಕಡೆ ನೋಡಿದರು. ಮೇಡಂ ಎದ್ದು ನಿಂತರು. "ಅಮ್ಮಾ, ನೀವು ಇಲ್ಲಿ ಕೆಲಸ ಮಾಡ್ತೀರಾ?"

"ಇಲ್ಲಮ್ಮಾ. ಇವರ ಹೆಂಡ್ತಿ ನಾನು."

"ಇವರ ಮೇಲೆ ಯಾವತ್ತಾದ್ರೂ ದೂರು ಬರೆದು ಕೊಟ್ಟಿದೀರಾ?"

"ಬರೆಯೋದು ಯಾಕೆ? ಬಾಯಲ್ಲಿ ಹೇಳೋದಕ್ಕೇ ಹೊತ್ತು ಸಾಲಲ್ಲ."

"ಬರೆದಿಲ್ಲ ತಾನೆ? ಸಾಕು. ಹೆಂಡತಿ ಆಗಿರಬಾರದು ಅಂತ ನಿಯಮದಲ್ಲಿಲ್ಲ. ಕೂತ್ಕೊಳ್ಳಿ. ನೀವು ಸಾರ್ವಜನಿಕ ಸದಸ್ಯರು. ಈ ವಿಚಾರಣೆ ಮುಗಿದರೆ ಮಗಳು ಒಳಗೆ."

ಹೆಂಡತಿ ಕೂರಲಿಲ್ಲ. ನಿಂತುಕೊಂಡೇ ಶುರು ಮಾಡಿದರು. "ಏನಂತೆ ವಿಷಯ? ಬೇಗ ಹೇಳಿ."

"ಅಗ್ನಿ ಅಧಿಕಾರೀನ ಅಮಾನತು ಮಾಡಿದೆ," ಕಾಂಪೌಂಡರು ತಲೆ ತಗ್ಗಿಸಿಕೊಂಡು ಹೇಳಿದರು.

"ಯಾರು ಅವನು?"

"ನಾನು."

"ಮಾಡಿದ್ದು ಯಾರು?"

"ನಾನೇ."

ಹೆಂಡತಿ ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಅಷ್ಟು ವರ್ಷದ ಸಂಸಾರ. "ಏನು ತಪ್ಪು ಮಾಡಿದ್ದಕ್ಕೆ?"

"ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ ಅಂತ."

"ಅದಕ್ಕೆಲ್ಲ ಸಸ್ಪೆಂಡ್ ಮಾಡೋ ಹಾಗಿದ್ರೆ ನಮ್ಮ ಮದುವೆ ಆದ ವಾರಕ್ಕೇ ನಾನು ಮಾಡ್ಬೇಕಿತ್ತು. ಕೆಲಸಕ್ಕೆ ತಗೊಳ್ಳಿ ಅವನನ್ನ. ಜಗಳ ಯಾತಕ್ಕೆ ಬಂತು?"

"ಬಕೆಟ್ಟಿಗೆ. ಬಾಗಿಲಲ್ಲಿ ಇಟ್ರೆ ದಾರಿಗೆ ಅಡ್ಡ. ಒಳಗೆ ಇಟ್ರೆ ಸೋಂಕು. ಗಾಡಿ ಬರೋದು..."

"ಬಾಗಿಲ ಆಚೆ ತಗಡಿನ ಚಪ್ಪರ ಇದೆಯಲ್ಲ, ನೀವು ಸೈಕಲ್ ನಿಲ್ಲಿಸೋದು. ಸೈಕಲ್ಲನ್ನ ಬಿಸಿಲಿಗೆ ನಿಲ್ಸಿ, ಬಕೆಟ್ಟನ್ನ ಅಲ್ಲಿಡಿ."

ಎಲ್ಲರ ತಲೆಯೂ ಹಿಂದಿನ ಬಾಗಿಲ ಕಡೆ ತಿರುಗಿತು. ಐದು ಜನ ಅಧಿಕಾರಿಗಳು, ಮೂರು ಸಭೆ, ಹದಿನೆಂಟು ಪುಟ ನಡಾವಳಿ; ಒಬ್ಬರಿಗೂ ಆ ಚಪ್ಪರ ಕಂಡಿರಲಿಲ್ಲ. ಸೈಕಲ್ಲು ಐವರದೂ ಆಗಿದ್ದುದು ಒಂದು ಕಾರಣ ಇರಬಹುದು.

"ನಿರ್ಣಯ ಬರ್ಕೊಳ್ಳಿ," ಮೇಡಂ ಅಂದರು. ದಾಖಲೆ ಅಧಿಕಾರಿ ಬರೆದುಕೊಂಡರು. ಕವರು ಹರಿದು ಕೆಂಪು ಪಟ್ಟಿ ಹೊರಗೆ ಬಂತು. ಸಿಲಿಂಡರಿನವನು ನಾಲ್ಕು ದಿನದಿಂದ ಜೇಬಿನಲ್ಲಿ ಮಡಚಿಟ್ಟಿದ್ದ ಸರ್ಟಿಫಿಕೇಟನ್ನು ಬಿಚ್ಚಿ ಹಿಡಿದ. ಅಗ್ನಿ ಅಧಿಕಾರಿಗಳು ಸಹಿ ಹಾಕಿದರು, ಕಣ್ಣು ಒದ್ದೆಯಾಗಿತ್ತು. ಅದರ ಬೆನ್ನಿಗೇ ಮೇಡಂ ಲೈಸೆನ್ಸಿಗೆ ಸಹಿ ಹಾಕಿ, ಮೊಹರು ಒತ್ತಿದರು. ಐದಕ್ಕೆ ಮೂರು ನಿಮಿಷ ಇತ್ತು. ಮಗಳನ್ನು ಅಷ್ಟರಲ್ಲಾಗಲೇ ಸಿಸ್ಟರ್ ನಿಯಮಕ್ಕೂ ಕಾಯದೆ ಒಳಗೆ ಕರೆದುಕೊಂಡು ಹೋಗಿದ್ದರು.

ಮೇಡಂ ಜೀಪು ಹತ್ತಲಿಲ್ಲ. ಇಷ್ಟು ಆದಮೇಲೆ ಏನಾಯಿತೆಂದು ತಿಳಿಯದೆ ಹೋಗುವುದು ಹೇಗೆ ಎಂದು ಸ್ಟೂಲಿನ ಮೇಲೆಯೇ ಕುಳಿತರು. ದರ್ಜಿಯೂ ಬಂದು ಕುಳಿತ. ಹಾಲಿನವನು ಎಲ್ಲರಿಗೂ ಟೀ ತರಿಸಿದ. ಕಾಂಪೌಂಡರು ಮಾತ್ರ ಹೆರಿಗೆ ಕೋಣೆಯ ಮುಂದೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಡೆದರು. ಐದು ಜನ ನಡೆದ ಹಾಗೆ ಸದ್ದಾಗುತ್ತಿತ್ತು.

ಏಳು ಗಂಟೆಗೆ ಒಳಗಿನಿಂದ ಒಂದು ಅಳು ಕೇಳಿಸಿತು, ಇಡೀ ನರ್ಸಿಂಗ್ ಹೋಮಿನ ಮೇಲೇ ಆಕ್ಷೇಪಣೆ ಇರುವಂಥ ಅಳು. ಸಿಸ್ಟರ್ ಬಾಗಿಲು ತೆರೆದು ತಲೆ ಹೊರಗೆ ಹಾಕಿದರು. ಮೊಣಕಾಲಿಗೆ ಇನ್ನೂ ಪಟ್ಟಿ ಇತ್ತು, ಮುಖದಲ್ಲಿ ಕೀಟಲೆ ಇತ್ತು.

"ಹೆಣ್ಣು ಮಗು. ಇಬ್ಬರೂ ಚೆನ್ನಾಗಿದಾರೆ. ಇಲ್ಲಿ ಅಜ್ಜ ಅನ್ನೋ ಅಧಿಕಾರಿ ಯಾರ್ರೀ, ಒಳಗೆ ಬರ್ಬೇಕಂತೆ."

ಕಾಂಪೌಂಡರು ಅಭ್ಯಾಸಬಲದಿಂದ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಯಾರೂ ಏಳಲಿಲ್ಲ.

"ಅದೂ ನಾನೇ ಸಿಸ್ಟರ್," ಎನ್ನುತ್ತಾ ಒಳಗೆ ಹೋದರು.